ಬಾಗಿಲಿಲ್ಲದ ಕಟ್ಟೆ

1988ರ ಮೇ ತಿಂಗಳಲ್ಲಿ ನಮ್ಮ ದೊಡ್ಡಪ್ಪ ಮುಂಬಯಿಗೆ ಬಂದಿದ್ದರು. ಕಣ್ಣಿನ ಪೊರೆ ತೆಗೆಸಲಿಕ್ಕೆ ನಾನೇ ಕರೆಸಿಕೊಂಡದ್ದು. ಆಪರೇಷನ್ನಿಗೆ ಇನ್ನೂ ಎರಡು ದಿನ ಇತ್ತು. ಊರಿಂದ ಬಂದವರಿಗೆ ಇಲ್ಲಿ ತೋರಿಸುವುದಾದರೂ ಏನು? ಗೇಟ್‌ವೇ, ರಾಣಿಬಾಗ್, ಮಹಾಲಕ್ಷ್ಮಿ ಗುಡಿ, ಕಡೆಗೆ ಸಂಜೆ ಹೊತ್ತಿಗೆ ಮರೀನ್ ಡ್ರೈವ್. ಅಲ್ಲಿಯ ಕಟ್ಟೆಯ ಮೇಲೆ ಚಪ್ಪಲಿ ಬಿಚ್ಚಿಟ್ಟು ಕೂತ ದೊಡ್ಡಪ್ಪ ಮಂಜುಗಣ್ಣಿನಲ್ಲೇ ಒಮ್ಮೆ ಸಮುದ್ರದ ಕಡೆ, ಒಮ್ಮೆ ಹಿಂದಿನ ಮಹಡಿ ಮನೆಗಳ ಕಡೆ ನೋಡಿದರು. ಈ ರಸ್ತೆ, ಆ ಮನೆಗಳು ನಿಂತ ಜಾಗ ಎಲ್ಲ ಮೊದಲು ಸಮುದ್ರವೇ ಆಗಿತ್ತು, ತುಂಬಿಸಿ ಮಾಡಿದ್ದು ಎಂದು ನಾನು ಏನೋ ನನ್ನದೇ ಸಾಧನೆ ಎಂಬಂತೆ ವಿವರಿಸಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ತಮಾ, ಈ ಕಟ್ಟೆಗೆ ಬಾಗ್ಲು ಎಲ್ಲದ್ಯೋ?" ಅಂದರು.

ನನಗೆ ನಗು ಬಂತು. "ಬಾಗಿಲು ಯಾಕೆ ದೊಡ್ಡಪ್ಪ, ಇದು ಗಜನಿ ಅಲ್ಲ" ಅಂದೆ. "ಬಾಗ್ಲಿಲ್ದೆ ಇದ್ರೆ ನೀರು ಎಲ್ಲಿ ಹೋಗೂದು?" ಎಂದರು ಅವರು. ಈ ಮಾತನ್ನು ನಾನು ಆಫೀಸಿನಲ್ಲಿ, ಲೋಕಲ್ ಟ್ರೈನಿನ ಗೆಳೆಯರ ಹತ್ತಿರ, ಹದಿನೇಳು ವರ್ಷ ಜೋಕು ಮಾಡಿ ಹೇಳಿಕೊಂಡು ಬಂದೆ.

ಘಟ್ಟದ ಮೇಲಿನ ಓದುಗರಿಗೆ ಗಜನಿ ಎಂದರೇನೆಂದು ಹೇಳಬೇಕು. ನಮ್ಮ ಕುಮಟೆಯ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುತ್ತದೆ. ಭರತದ ಹೊತ್ತಿಗೆ ಉಪ್ಪುನೀರು ಮೈಲುಗಟ್ಟಲೆ ಒಳಗೆ ಬರುತ್ತದೆ. ಆ ತಗ್ಗು ನೆಲಕ್ಕೆ ಹಿಂದಿನವರು ಕಟ್ಟೆ ಹಾಕಿ ಗದ್ದೆ ಮಾಡಿಕೊಂಡರು. ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಮಳೆ ಹಿಡಿದು ಮಣ್ಣಿನ ಉಪ್ಪು ತೊಳೆದು ಹೋದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಉಪ್ಪಿಗೂ ನೆರೆಗೂ ಜಗ್ಗದ, ಆಳೆತ್ತರ ಬೆಳೆಯುವ ಭತ್ತ ಅದು. ಇಳಿತದಲ್ಲಿ ಹಲಗೆ ಎತ್ತಿ ಗದ್ದೆಯ ಮಳೆನೀರನ್ನು ಹೊಳೆಗೆ ಬಿಡಬೇಕು, ಭರತದಲ್ಲಿ ಇಳಿಸಿ ಹೊರಗಿನ ಉಪ್ಪುನೀರನ್ನು ತಡೆಯಬೇಕು. ಕೊಯ್ಲು ಮುಗಿಯಿತೋ, ಬಾಗಿಲು ತೆರೆದು ಸಮುದ್ರವನ್ನೇ ಒಳಗೆ ಕರೆಯುವುದು. ಕೂಳೆ ಕೊಳೆತ ನೀರಿನಲ್ಲಿ ಸಿಗಡಿ, ಮೀನು ಬೆಳೆಯುತ್ತವೆ. ಅರ್ಧ ವರ್ಷ ಅನ್ನದ ಗದ್ದೆ, ಅರ್ಧ ವರ್ಷ ಮೀನಿನ ಗದ್ದೆ.

ಇದನ್ನು ಸ್ವರ್ಗ ಮಾಡಿ ಹೇಳಲು ನಾನು ಹೊರಟಿಲ್ಲ. ಕಟ್ಟೆಯ ಕೆಸರು ಹೊತ್ತವರು ಒಬ್ಬರು, ಗೇಣಿ ಉಂಡವರು ಇನ್ನೊಬ್ಬರು. ಮೀನಿನ ಹಕ್ಕಿಗಾಗಿ ತಲೆ ಒಡೆದುಕೊಂಡದ್ದೂ ಉಂಟು. 1990ರ ದಶಕದಲ್ಲಿ ಸಿಗಡಿಯ ದುಡ್ಡಿನಾಸೆಗೆ ಎಷ್ಟೋ ಗಜನಿಗಳಲ್ಲಿ ಭತ್ತ ನಿಂತೇಹೋಯಿತು, ಈಗ ಬಹಳಷ್ಟು ಪಾಳು ಬಿದ್ದಿವೆ. ಆದರೂ ಅಲ್ಲಿ ಒಂದು ವಿಷಯದಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಈ ನೆಲ ನಮಗೆ ಪೂರ್ತಿ ಬಿಟ್ಟುಕೊಟ್ಟದ್ದಲ್ಲ, ಕೊಟ್ಟವರು ತಿರುಗಿ ಬರುತ್ತಾರೆ, ಬಂದಾಗ ಬಾಗಿಲು ಇರಬೇಕು.

ಮುಂಬಯಿಯ ಕತೆ ಬೇರೆ. ಕೊಲಾಬಾ, ಪುಟ್ಟ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂದು ಏಳು ದ್ವೀಪ. ಭರತದಲ್ಲಿ ಬಿಡಿಬಿಡಿ, ಇಳಿತದಲ್ಲಿ ನಡುವೆ ಕೆಸರು. ಅಲ್ಲಿ ಕೋಳಿಗಳೆಂಬ ಮೀನುಗಾರರಿದ್ದರು. ಊರಿನ ಹೆಸರು ಅವರು ನಂಬಿದ ಮುಂಬಾದೇವಿಯದು. 1534ರಲ್ಲಿ ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1661ರಲ್ಲಿ ಅವರು ತಮ್ಮ ರಾಜಕುಮಾರಿಯ ಮದುವೆಯಲ್ಲಿ ಇಂಗ್ಲೆಂಡಿನ ದೊರೆಗೆ ಬಳುವಳಿ ಕೊಟ್ಟರು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಬಿಟ್ಟ. ಈ ಯಾವ ಕೈಬದಲಿನಲ್ಲೂ ಅಲ್ಲಿ ಬಲೆ ಒಣಗಿಸುತ್ತಿದ್ದವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಆಮೇಲೆ ತುಂಬುವ ಕೆಲಸ. ಹದಿನೆಂಟನೇ ಶತಮಾನದ ಕೊನೆಯ ದಶಕಗಳಲ್ಲಿ, ಹಾರ್ನ್‌ಬಿ ಎಂಬ ಗವರ್ನರನ ಹೆಸರಿನಲ್ಲಿ, ವರ್ಲಿಯ ಹತ್ತಿರದ ದೊಡ್ಡ ಬಾಯಿಗೆ ಗೋಡೆ ಕಟ್ಟಿದರು. ಕಟ್ಟಿದಷ್ಟೂ ಕುಸಿಯುತ್ತಿತ್ತಂತೆ. ಕೆಲಸದ ಮೇಲಿದ್ದ ಪಾಠಾರೆ ಪ್ರಭು ಜಾತಿಯ ಎಂಜಿನಿಯರನ ಕನಸಿನಲ್ಲಿ ಮಹಾಲಕ್ಷ್ಮಿ ಬಂದು, ನಾನು ನೀರಿನ ತಳದಲ್ಲಿದ್ದೇನೆ, ಮೊದಲು ನನ್ನನ್ನು ಎತ್ತಿ ನೆಲೆ ಮಾಡು ಅಂದಳಂತೆ. ಮೂರ್ತಿ ಸಿಕ್ಕಿತು, ಗೋಡೆ ನಿಂತಿತು ಎಂದು ಇಲ್ಲಿಯವರು ಹೇಳುವ ಕತೆ. ಇದನ್ನು ಕೇಳಿದಾಗೆಲ್ಲ ನನಗೆ ಅನಿಸುವುದು, ಸಮುದ್ರದ ಅಪ್ಪಣೆ ಕೇಳಬೇಕು ಎಂಬ ಅಳುಕು ಆಗಿನ್ನೂ ಇತ್ತು ಅಂತ. 1845ರ ಹೊತ್ತಿಗೆ ಮಾಹಿಮ್ ಕಾಸ್‌ವೇಯೂ ಆಯಿತು. ಅದಕ್ಕೆ ದುಡ್ಡು ಕೊಟ್ಟ ಜಮ್‌ಶೇಟ್‌ಜೀ ಜೀಜೀಭಾಯ್ ಅವರ ಹೆಂಡತಿ ಆವಾಬಾಯಿ, ದಾಟುವವರಿಂದ ಸುಂಕ ತೆಗೆದುಕೊಳ್ಳಬಾರದು ಎಂದು ಕರಾರು ಹಾಕಿದರು. ಅಷ್ಟರ ಮಟ್ಟಿಗೆ ಒಳ್ಳೆಯವರೂ ಇದ್ದರು.

1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಮುಂಬಯಿ ಪೇಟೆಗೆ ದುಡ್ಡಿನ ಮಳೆ. ಆ ದುಡ್ಡು ಬ್ಯಾಕ್ ಬೇ ತುಂಬುವ ಕಂಪನಿಯ ಷೇರುಗಳಿಗೆ ಹರಿದು, ಮುಖಬೆಲೆಯ ಹಲವು ಪಟ್ಟು ಏರಿ, 1865ರಲ್ಲಿ ಯುದ್ಧ ನಿಂತದ್ದೇ ಎಲ್ಲ ನೆಲ ಕಚ್ಚಿತು. ಇದು ಯಾರದೋ ಕತೆ ಅಂತ ಓದುತ್ತಾ ಹೋದವನಿಗೆ ಒಂದು ಕಡೆ ನಮ್ಮೂರಿನ ಹೆಸರು ಕಂಡಿತು. ಮುಂಬಯಿ ಹತ್ತಿ ಪೇಟೆಯಲ್ಲಿ 'ಕುಮಟಾ' ಎಂಬುದೇ ಒಂದು ಜಾತಿಯ ಹತ್ತಿಯ ಹೆಸರು. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ನಮ್ಮ ಬಂದರಿನಲ್ಲೇ ಹಡಗು ಹತ್ತುತ್ತಿತ್ತು. ಸಮುದ್ರಕ್ಕೆ ಸುರಿದ ಆ ದುಡ್ಡಿನಲ್ಲಿ ನಮ್ಮ ಪಾಲೂ ಇತ್ತು ಅನ್ನಿ.

ಬ್ಯಾಕ್ ಬೇ ಕೆಲಸ 1920ರ ದಶಕದಲ್ಲಿ ಮತ್ತೆ ಶುರುವಾಯಿತು. ಕಾಂದಿವಲಿಯ ಗುಡ್ಡ ಒಡೆದು ಕಲ್ಲುಮಣ್ಣನ್ನು ರೈಲಿನಲ್ಲಿ ತಂದು ಸುರಿದರು. ಅದರಲ್ಲಿ ನಡೆದ ಗೋಲ್‌ಮಾಲನ್ನು ಬಯಲಿಗೆಳೆದವರು ಖುರ್ಶೆದ್ ನರಿಮನ್ ಎಂಬ ವಕೀಲರು. ಮುಂದೆ ಅದೇ ಕೊಲ್ಲಿಯಲ್ಲಿ ಇನ್ನಷ್ಟು ಸಮುದ್ರ ತುಂಬಿ ಎದ್ದ ಗಗನಚುಂಬಿಗಳ ಜಾಗಕ್ಕೆ ನರಿಮನ್ ಪಾಯಿಂಟ್ ಎಂದು ಅವರದೇ ಹೆಸರು! ಗೌರವವೋ ಕುಚೋದ್ಯವೋ ಗೊತ್ತಾಗುವುದಿಲ್ಲ.

ಇನ್ನು ನನ್ನ ವಿಷಯ. ನಾನು ಹುಟ್ಟಿದ್ದು 1953ರಲ್ಲಿ ಕುಮಟೆಯಲ್ಲಿ. ಎಂದರೆ ಮುಂಬಯಿ ರಾಜ್ಯದಲ್ಲಿ. 1862ರಲ್ಲೇ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರು. ಅಜ್ಜನಿಗೆ ಮುಂಬಯಿ ಪರಸ್ಥಳವಲ್ಲ, ರಾಜಧಾನಿ. 1956ರ ನವೆಂಬರ್ ಒಂದಕ್ಕೆ, ಮೂರು ವರ್ಷದ ನಾನು ಅಂಗಳದಲ್ಲಿ ಆಡುತ್ತಾ ಇದ್ದ ಹಾಗೇ ಮುಂಬಯಿಗೆ ಹೊರಗಿನವನಾಗಿಬಿಟ್ಟೆ. 1974ರಲ್ಲಿ ಕೆಲಸ ಹುಡುಕಿ ಬಂದಾಗ ಅದು ಅರ್ಥವಾಯಿತು. "ಗಾಂವಾಲಾ ಕಧೀ ಜಾಣಾರ?" ಊರಿಗೆ ಯಾವಾಗ ಹೋಗ್ತೀರಿ? ಗಣಪತಿ ಹಬ್ಬ ಹತ್ತಿರ ಬಂದಾಗ ಪಕ್ಕದ ಮನೆಯ ಆಜಿ ಕೇಳಿದರೆ ಅದು ಪ್ರೀತಿ. ಅದೇ ಮಾತನ್ನು ಸಾಲಿನಲ್ಲಿ ನಿಂತಾಗ ಹಿಂದಿನವನು ಕೇಳಿದರೆ ಬೇರೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕತೆಗಳನ್ನು ನನಗಿಂತ ಮೊದಲು ಬಂದವರು ಗಾಯ ತೋರಿಸಿ ಹೇಳುತ್ತಿದ್ದರು.

ಅದಕ್ಕೆ ನಾವು ಒಂದು ಉತ್ತರ ಕಂಡುಕೊಂಡಿದ್ದೆವು. ಯಾರು ಮೊದಲು ಹೇಳಿದರೋ ಗೊತ್ತಿಲ್ಲ, ಕನ್ನಡ ಸಂಘಗಳ ವೇದಿಕೆಯಲ್ಲಿ ನಾನೂ ಹತ್ತಾರು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ: ನೆಲವೇ ಹೊರಗಿನಿಂದ ತಂದು ಸುರಿದದ್ದಾದ ಊರಿನಲ್ಲಿ ಮೂಲದವರು ಯಾರು, ಹೊರಗಿನವರು ಯಾರು? ಪಾರ್ಸಿ, ಗುಜರಾತಿ, ರತ್ನಾಗಿರಿಯ ಗಿರಣಿ ಕೆಲಸದವ, 1902ರಷ್ಟು ಹಿಂದೆಯೇ ಇಲ್ಲಿ ತಮ್ಮ ಮಂಡಳಿ ಕಟ್ಟಿಕೊಂಡ ನಮ್ಮ ಕರಾವಳಿಯ ಮೊಗವೀರರು, ಹಗಲು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರು, ಎಲ್ಲರೂ ಬಂದವರೇ. ಕಲ್ಲು ಬೀಳುತ್ತಿದ್ದ ಕಾಲದಲ್ಲಿ ಈ ಮಾತು ಬೇಕಿತ್ತು. ಈಗಲೂ ಅದು ಸುಳ್ಳೆಂದು ನಾನು ಹೇಳುವುದಿಲ್ಲ.

ಆದರೆ ಗುರಾಣಿಯನ್ನು ಬಹಳ ದಿನ ಹಿಡಿದುಕೊಂಡರೆ ಅದನ್ನೇ ಹಾಸಿಕೊಂಡು ಮಲಗುವ ಅಭ್ಯಾಸ ಆಗುತ್ತದೆ.

1991ರಲ್ಲಿ ನಾವು ಮಾಲಾಡ್ ಖಾಡಿಯ ಕಡೆ ಒಂದು ಹೊಸ ಕಟ್ಟಡದಲ್ಲಿ ಎರಡನೇ ಮಹಡಿಯ ಮನೆ ಕೊಂಡೆವು. ಹಿಂದುಗಡೆ ತಗ್ಗು, ಅದರ ಆಚೆ ಕಾಂಡ್ಲಾ ಗಿಡಗಳು. ಇಲ್ಲಿಯವರು ತಿವರ ಅನ್ನುತ್ತಾರೆ. ಇಳಿತದ ಹೊತ್ತಿಗೆ ಒಬ್ಬ ಕೋಳಿ ಹೆಂಗಸು ಕೆಸರಿನಲ್ಲಿ ಕೂತು ಟಿಸ್ರ್ಯಾ ಆಯುತ್ತಿದ್ದಳು, ನಮ್ಮ ಅಘನಾಶಿನಿಯ ಬಳಚಿನಂಥ ಚಿಪ್ಪು. ಆಯ್ದದ್ದನ್ನು ನಮ್ಮ ಗೇಟಿನಲ್ಲೇ ಮಾರುತ್ತಿದ್ದಳು. 1996ರಲ್ಲಿ ನಾನು ಸೊಸೈಟಿಯ ಸೆಕ್ರೆಟರಿ. ಸೊಳ್ಳೆ, ವಾಸನೆ, ಮಕ್ಕಳಿಗೆ ಆಡಲು ಜಾಗ ಇಲ್ಲ ಎಂದು ದೂರು. ಒಡೆದ ಮನೆಗಳ ಇಟ್ಟಿಗೆ ಗಾರೆಗೆ ಇಲ್ಲಿ ಡೆಬ್ರಿಸ್ ಎಂದು ಹೆಸರು. ಅದನ್ನು ಎಲ್ಲಾದರೂ ಸುರಿಯಲು ಜಾಗ ಹುಡುಕುವ ಲಾರಿಯವರು ಇದ್ದೇ ಇರುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಬಂದು ಸುರಿದರು. ಎಷ್ಟು ಲಾರಿ ಎಂದು ಎಣಿಸಿ ಚೀಟಿಗೆ ಸಹಿ ಮಾಡಿದವನು ನಾನು. ಆ ಜಾಗ ನಮ್ಮದಲ್ಲ ಎಂದು ಗೊತ್ತಿತ್ತು. ಯಾರದು ಎಂದು ಕೇಳಿಕೊಳ್ಳಲಿಲ್ಲ. ಇಡೀ ಊರೇ ಹೀಗಾದದ್ದಲ್ಲವೇ, ಅಂದುಕೊಂಡೆ. ವೇದಿಕೆಯ ಮಾತು ನನ್ನ ಬಾಯಿಗೆ ಇಷ್ಟು ಸಲೀಸಾಗಿ ಬಂತು. ಮಳೆಗಾಲದ ನಂತರ ಅಲ್ಲಿ ಎರಡು ಉಯ್ಯಾಲೆ ಹಾಕಿದೆವು. ಆ ಹೆಂಗಸು ಭಾವುಚಾ ಧಕ್ಕಾದಿಂದ ಮೀನು ಕೊಂಡು ತಂದು ಮಾರತೊಡಗಿದಳು. ಟಿಸ್ರ್ಯಾ ಈಗ ಇಲ್ಲಿ ಸಿಗುವುದಿಲ್ಲ ಅಂದಳು. ಅಷ್ಟೇ ಅಂದಳು.

2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಇಪ್ಪತ್ನಾಲ್ಕು ತಾಸಿಗೆ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು 73. ಮಧ್ಯಾಹ್ನ ದೊಡ್ಡ ಭರತ. ವಿಹಾರ್, ಪವಯಿ ಕೆರೆಗಳ ಕಡೆಯಿಂದ ಮಾಹಿಮಿಗೆ ಹರಿಯುವ ಮೀಠಿ ನದಿಯ ಮೈಮೇಲೆ ವಿಮಾನ ನಿಲ್ದಾಣದ ರನ್‌ವೇ, ಬಾಯಿಯ ಹತ್ತಿರ ಕಾಂಡ್ಲಾ ತುಂಬಿ ಕಟ್ಟಿದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್. ನಗರದಲ್ಲಿ ನೂರಾರು ಜನ ಸತ್ತರು. ನಾನು ಅಂಧೇರಿಯಿಂದ ಎದೆಮಟ್ಟದ ನೀರಿನಲ್ಲಿ ನಡೆದು ಬೆಳಗಿನ ಜಾವಕ್ಕೆ ಮನೆ ಮುಟ್ಟಿದೆ. ನಮ್ಮ ಕಟ್ಟಡದ ನೆಲ ಅಂತಸ್ತಿನ ಮನೆಗಳಲ್ಲಿ ಕಿಟಕಿಯವರೆಗೆ ನೀರು. ಅಲ್ಲಿಯ ಮುದಿ ದಂಪತಿ ನಮ್ಮ ಸೋಫಾದ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದರು. ಅವರ ಮಗಳ ಮದುವೆಯ ಫೋಟೋ, ರೇಷನ್ ಕಾರ್ಡು, ಔಷಧಿ ಎಲ್ಲ ಹೋಗಿತ್ತು. ಹೆಂಡತಿ ಚಹಾ ಕೊಟ್ಟಳು. ಕಿಟಕಿಯಿಂದ ನೋಡಿದರೆ ಹಿಂದಿನ ಆಟದ ಬಯಲು ಮಾತ್ರ ಎತ್ತರದಲ್ಲಿ, ಉಯ್ಯಾಲೆ ಸಮೇತ, ನೀರಿನಿಂದ ಮೇಲೆ ನಿಂತಿತ್ತು. ನೀರು ಅದರ ಈಚೆ, ನಮ್ಮ ಕಡೆ.

ದೊಡ್ಡಪ್ಪ ತೀರಿಕೊಂಡು ಆರು ವರ್ಷ ಆಗಿತ್ತು.

ನನ್ನ ಹತ್ತು-ಹದಿನೈದು ಲಾರಿ ಮಣ್ಣಿನಿಂದ ಮುಂಬಯಿ ಮುಳುಗಿತು ಎಂದರೆ ಎಂಜಿನಿಯರುಗಳು ನಗುತ್ತಾರೆ. ಅಷ್ಟು ಮಳೆಗೆ ಯಾವ ತಗ್ಗೂ ಸಾಲುತ್ತಿರಲಿಲ್ಲ. ತಪ್ಪನ್ನು ದೊಡ್ಡದು ಮಾಡಿಕೊಳ್ಳುವುದೂ ಒಂದು ಬಗೆಯ ಜಂಬವೇ. ನನ್ನನ್ನು ಕಾಡಿದ್ದು ಬೇರೆ. ಎಲ್ಲರೂ ಬಂದವರೇ ಎಂಬ ನನ್ನ ವಾದದಲ್ಲಿ ಲೆಕ್ಕಕ್ಕೇ ಬಾರದೆ ಉಳಿದವಳು ಒಬ್ಬಳಿದ್ದಳು, ಅವಳು ದಿನಾ ನಮ್ಮ ಗೇಟಿನಲ್ಲಿ ಕೂರುತ್ತಿದ್ದಳು. ಮೂಲದವರು ಯಾರೂ ಇಲ್ಲ ಎಂದಾಕ್ಷಣ ಯಾರಿಗೂ ಏನೂ ಕೊಡಬೇಕಿಲ್ಲ ಎಂದಾಗುತ್ತದೆ. ಹೊರಗಿನವನೆಂದು ನನ್ನನ್ನು ಓಡಿಸಲು ಬಂದವನೂ, ಇಲ್ಲಿ ಹೊರಗಿನವರೇ ಇಲ್ಲ ಎಂದ ನಾನೂ, ಅವಳ ಕೆಸರಿನ ಮಟ್ಟಿಗೆ ಒಂದೇ ಕೆಲಸ ಮಾಡಿದೆವು.

ನಮ್ಮಂಥವರಿಗೆ ಇದರಲ್ಲಿ ಒಂದು ಹೆಚ್ಚಿನ ಅನುಕೂಲವೂ ಇದೆ. ಇಲ್ಲಿಯ ಪಾಪ ನಾವು ಬರುವ ಮೊದಲೇ ಆದದ್ದು, ಊರಿನ ಪಾಪ ನಾವು ಬಿಟ್ಟ ಮೇಲೆ ಆದದ್ದು. ನಡುವೆ ನಾವು ಬರೀ ಟಿಕೆಟ್ ತೆಗೆದುಕೊಂಡ ಪ್ರಯಾಣಿಕರು. ಬೇರೆಲ್ಲೂ ಜಾಗ ಸಿಗದೆ ಖಾಡಿಯ ಅಂಚಿನಲ್ಲಿ ತಗಡು ಹೊಡೆದವನ ಮೇಲೆ ನಾನು ಬೆರಳು ತೋರಿಸಲಾರೆ. ನನಗೆ ಎರಡನೇ ಮಹಡಿ ಇತ್ತು. ನನಗೆ ಬೇಕಾದದ್ದು ಉಯ್ಯಾಲೆ.

2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟು ಕಾಂಡ್ಲಾ ಕಡಿಯಬಾರದು, ಅದರ ಸುತ್ತ ಐವತ್ತು ಮೀಟರಿನೊಳಗೆ ಕಟ್ಟಬಾರದು ಎಂದಿತು. ಸಮುದ್ರ ತುಂಬುವುದು ನಿಂತಿಲ್ಲ. 2018ರಲ್ಲಿ ಶುರುವಾದ ಕೋಸ್ಟಲ್ ರೋಡ್‌ಗೆ ನೂರಕ್ಕೂ ಹೆಚ್ಚು ಹೆಕ್ಟೇರು ತುಂಬಿದರು, 2024ರ ಮಾರ್ಚಿನಲ್ಲಿ ಮೊದಲ ಭಾಗ ತೆರೆಯಿತು. ಅದರಲ್ಲಿ ಹೋದೆ, ಬಹಳ ಬೇಗ ತಲುಪಿದೆ, ಸುಳ್ಳು ಯಾಕೆ ಹೇಳಲಿ. ಆ ಕೆಲಸದ ನಡುವೆ ವರ್ಲಿ ಕೋಳಿವಾಡೆಯವರು ತಕರಾರು ಎತ್ತಿದ್ದರು. ರಸ್ತೆ ನಿಲ್ಲಿಸಿ ಅಂತ ಅಲ್ಲ. ಸೇತುವೆಯ ಕಂಬಗಳ ನಡುವೆ 60 ಮೀಟರ್ ಬಿಟ್ಟಿದ್ದೀರಿ, ಅಲೆಯ ಹೊತ್ತಿನಲ್ಲಿ ನಮ್ಮ ದೋಣಿ ಹೋಗಿ ಬರಲು ಸಾಲದು, 200 ಬೇಕು ಅಂತ. ಕೊನೆಗೆ ಒಂದು ಕಂಬ ಬಿಟ್ಟು 120 ಮಾಡಿದರು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಮರೀನ್ ಡ್ರೈವಿನ ಕಟ್ಟೆಯೇ ಕಣ್ಣ ಮುಂದೆ ಬಂತು.

ಆ ಹೆಂಗಸಿನ ಜಾಗದಲ್ಲಿ ಈಗ ಅವಳ ಸೊಸೆ ಕೂರುತ್ತಾಳೆ. ನನ್ನನ್ನು ಸೆಕ್ರೆಟರಿ ಸಾಹೇಬ್ ಅಂತಲೇ ಕರೆಯುವುದು. ಲಾರಿಯ ಚೀಟಿಗೆ ಯಾರ ಸಹಿ ಎಂದು ಅತ್ತೆಗೂ ಹೇಳಲಿಲ್ಲ, ಇವಳಿಗೂ ಹೇಳಿಲ್ಲ. ಇಲ್ಲಿ ಬರೆದದ್ದನ್ನು ಅವಳು ಓದುವುದಿಲ್ಲ ಎಂಬ ಧೈರ್ಯದಲ್ಲೇ ಕನ್ನಡದಲ್ಲಿ ಬರೆಯುತ್ತಿದ್ದೇನೋ ಎಂಬ ಅನುಮಾನವೂ ಇದೆ.

ಈಗ ನಮ್ಮ ಕಟ್ಟಡ ಕೆಡವಿ ಇಪ್ಪತ್ತೆರಡು ಮಹಡಿ ಕಟ್ಟುವ ಮಾತು ನಡೆದಿದೆ. ಕಳೆದ ಮೀಟಿಂಗಿನಲ್ಲಿ ನಕಾಶೆ ಹರಡಿದ್ದರು. ಸುತ್ತ ಎತ್ತರದ ಕಂಪೌಂಡು. ಬಾಗಿಲು ಎಲ್ಲಿದೆ ಎಂದು ಕೇಳಿದೆ. ಆರ್ಕಿಟೆಕ್ಟ್ ಹುಡುಗ ಖುಷಿಯಿಂದ, "ಎರಡು ಗೇಟು ಇವೆ ಅಂಕಲ್, ಕಾರು ಒಳಗೆ ಬರಲಿಕ್ಕೆ ಒಂದು, ಹೊರಗೆ ಹೋಗಲಿಕ್ಕೆ ಒಂದು" ಎಂದ. ಉಳಿದವರು ನಕ್ಕರು. ನಾನು ಕೇಳಿದ್ದು ನೀರಿನ ಬಾಗಿಲು ಎಂದು ಮರಾಠಿಯಲ್ಲಿ ಮತ್ತೊಮ್ಮೆ, ನಿಧಾನವಾಗಿ ವಿವರಿಸಬೇಕಾಯಿತು.