ವಾಸಿಯಾದವರ ಋಣ

ನಮ್ಮಜ್ಜಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯ ಕೂಲಿಗೆ ಹೋಗುತ್ತಿದ್ದಳು. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಒಮ್ಮೆ ಕೈ ಕೀವಾಗಿ, ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ವಾಸಿಯಾಯಿತಂತೆ. ಲಂಡನ್ ಮಿಷನರಿ ಸೊಸೈಟಿ ಕಟ್ಟಿದ ಅದು ಈಗ ಸಿಎಸ್‌ಐ ಆಸ್ಪತ್ರೆ. ‘ಆ ಸಿಸ್ಟರಮ್ಮನ ಋಣ ತೀರಿಸೋಕಾಗಲ್ಲ’ ಎನ್ನುತ್ತಿದ್ದಳು. ವಸಾಹತು ಕಾಲದ ವೈದ್ಯಕೀಯದ ಬಗ್ಗೆ ಓದತೊಡಗಿದ ಮೇಲೆ ಆ ಮಾತು ನನ್ನನ್ನು ಕಾಡುತ್ತಿದೆ. ಆಳುವವರ ನೆರಳಲ್ಲಿ ಬಂದ ಮದ್ದಿಗೆ ನಾವು ಋಣಿಗಳೇ?

ಚೀನಾದ ಚಿಂಗ್‌ಡಾವ್ ಬಂದರನ್ನು ನೋಡಿ. 1897ರಲ್ಲಿ ಇಬ್ಬರು ಜರ್ಮನ್ ಮಿಷನರಿಗಳ ಕೊಲೆಯನ್ನೇ ನೆಪಮಾಡಿಕೊಂಡು ಜರ್ಮನ್ ನೌಕಾಪಡೆ ಅಲ್ಲಿ ಇಳಿಯಿತು. ಮರುವರ್ಷ 99 ವರ್ಷಗಳ ಗುತ್ತಿಗೆ ಬರೆಸಿಕೊಂಡಿತು. ಯುರೋಪಿಯನ್ನರಿಗೊಂದು ಬಡಾವಣೆ, ಚೀನೀಯರಿಗೊಂದು. ಸೈನಿಕರಿಗೆ ಸರ್ಕಾರಿ ಆಸ್ಪತ್ರೆ, ಚೀನೀಯರಿಗೆ ಮಿಷನ್ನಿನ ಫೇಬರ್ ಆಸ್ಪತ್ರೆ. ಆದರೆ ಟೈಫಾಯ್ಡಿಗೆ, ಆಮಶಂಕೆಗೆ ಬಡಾವಣೆಯ ಗಡಿ ತಿಳಿಯದು. ಚೀನೀಯರ ಆರೋಗ್ಯದ ಬಗ್ಗೆ ಆಡಳಿತಕ್ಕಿದ್ದ ಕಾಳಜಿಯಲ್ಲಿ ತನ್ನವರಿಗೆ ರೋಗ ತಗಲೀತೆಂಬ ಭಯವೂ ಬೆರೆತಿತ್ತು. 1914ರಲ್ಲಿ ಜಪಾನ್ ಆ ಊರನ್ನು ಕಿತ್ತುಕೊಂಡಿತು.

ಭಯದಿಂದ ಕೊಟ್ಟ ಮದ್ದಿನಿಂದಲೂ ಜ್ವರ ಇಳಿಯುತ್ತದೆ. ಹಾಗಾಗಿ ಉದ್ದೇಶ ಕೆಟ್ಟದ್ದೆಂದು ಗುಣವಾದದ್ದನ್ನು ಅಲ್ಲಗಳೆಯಲಾಗದು. ಗುಣವಾಯಿತೆಂದು ಆಕ್ರಮಣವನ್ನು ಮನ್ನಿಸಲೂ ಆಗದು. ಇವೆರಡೂ ಬೇರೆ ಬೇರೆ ಲೆಕ್ಕಗಳು; ಒಂದರ ಜಮೆಯನ್ನು ಇನ್ನೊಂದರ ಖರ್ಚಿಗೆ ವಜಾ ಹಾಕಿಕೊಳ್ಳುವುದೇ ಸಾಮ್ರಾಜ್ಯಗಳ ಹಳೆಯ ಚಾಳಿ. ‘ಆಸ್ಪತ್ರೆ ಕಟ್ಟಿದೆವಲ್ಲ’ ಎಂಬ ಮಾತು ಹುಟ್ಟುವುದು ಅಲ್ಲೇ.

ಹಾಗೆಂದು ಲೆಕ್ಕ ಅಷ್ಟು ಸಲೀಸಾಗಿ ಬೇರೆಯಾಗುವುದೂ ಇಲ್ಲ. ಸಿಸ್ಟರಮ್ಮನ ಕೈಗೆ ಬ್ಯಾಂಡೇಜು ಬಂದ ದಾರಿಯಲ್ಲೇ ಆಳ್ವಿಕೆಯೂ ಬಂದಿತ್ತು. ಆದರೆ ಕೀವು ಒರೆಸುವಾಗ ಅಸಹ್ಯಪಟ್ಟುಕೊಳ್ಳದೆ ಇರಬೇಕೆಂದು ಯಾವ ಸಾಮ್ರಾಜ್ಯವೂ ಆಜ್ಞೆ ಮಾಡಲಾರದು. ಅದು ಆ ಕೈಯ ಸ್ವಂತದ್ದು. ಋಣ ಸಲ್ಲಬೇಕಾದದ್ದು ಅದಕ್ಕೆ.

ಈ ಪ್ರಶ್ನೆ ಪರರಾಜ್ಯದವರಿಗೆ ಮಾತ್ರ ಕೇಳುವಂಥದ್ದೂ ಅಲ್ಲ. ಗೌರಿಬಿದನೂರು, ಚಿಂತಾಮಣಿಯ ಕಡೆಯ ಬಡವರು ದೊಡ್ಡ ಕಾಯಿಲೆ ಬಂದರೆ ಇಂದಿಗೂ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ದುಡ್ಡಿದ್ದವರಿಗೊಂದು ಬಾಗಿಲು, ಇಲ್ಲದವರಿಗೊಂದು ಸಾಲು. ಬಾವುಟ ನಮ್ಮದೇ ಆದ ಮಾತ್ರಕ್ಕೆ ಬಾಗಿಲು ಒಂದಾಗಲಿಲ್ಲ.

ಅಜ್ಜಿಗೆ ಸಾಮ್ರಾಜ್ಯ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ: ‘ಸಿಸ್ಟರಮ್ಮನ ಋಣ’ ಎಂದಳೇ ಹೊರತು ‘ದೊರೆಗಳ ಋಣ’ ಎಂದು ಒಮ್ಮೆಯೂ ಅನ್ನಲಿಲ್ಲ.