ನಿಜ ಹುಡುಕುವವನ ಕೂಲಿ ಯಾರು ಕೊಡಬೇಕು?

ವಡಗೇರಾದ ಚಾದಂಗಡಿಯಲ್ಲಿ ಒಬ್ಬ ವರದಿಗಾರನ ಮುಂದೆ ಒಂದು ದಿನ ಕಾಗದ ಹಿಡಿದು ನಿಂತಿದ್ದೆ. ಲೆಕ್ಕದಲ್ಲಿ ಮುಗಿದಿದ್ದ ಕೆಲಸ ನಮ್ಮ ಕೇರಿಯಲ್ಲಿ ಶುರುವೇ ಆಗಿರಲಿಲ್ಲ. ಆತ ಪೂರಾ ಓದಿದ. ಚಾ ತರಿಸಿದ. ಆಮೇಲೆ ಹೇಳಿದ: "ತಮ್ಮಾ, ಬರಿಯಾಕ ನನಗೇನೂ ಅಂಜಿಕಿಲ್ಲ. ಆದ್ರ ಹಬ್ಬಕ್ಕ ಜಾಹೀರಾತು ಕೊಡಾವ್ರು ಇವ್ರೇ. ನನಗ ಪಗಾರಿಲ್ಲ, ಅದ್ರಾಗ ಬರೋ ಕಮಿಷನ್ನೇ. ಬರದ್ರ ಮನ್ಯಾಗ ಒಲಿ ಹ್ಯಾಂಗ ಹೊತ್ತಬೇಕು?"

ಅವತ್ತು ಸಿಟ್ಟು ಬಂತು. ಇವತ್ತು ಆ ಮಾತು ಪ್ರಶ್ನೆಯಾಗಿ ಉಳಿದಿದೆ. ಅವನು ಹೇಡಿಯೋ, ಅವನಿಗೆ ಕೂಲಿ ಕೊಡದ ನಾವು ಜಿಪುಣರೋ?

ಗೆಳೆಯರೇ, ಕದ್ದ ದುಡ್ಡು ಒಂದು ಕಡೆ ಕೂರುವುದಿಲ್ಲ. ಖಾತೆಯಿಂದ ಖಾತೆಗೆ ಹಾರುತ್ತದೆ. ಅದರ ಬೆನ್ನು ಹತ್ತುವವನಿಗೆ ಬಸ್ ಚಾರ್ಜು ಬೇಕು, ಲೆಕ್ಕ ಓದುವ ಕಣ್ಣು ಬೇಕು, ದಿನಗಳು ಬೇಕು. 2005ರ ಮಾಹಿತಿ ಹಕ್ಕು ಕಾನೂನಿನಡಿ ಅರ್ಜಿಗೆ 10 ರೂಪಾಯಿ. ಬಡತನ ರೇಖೆಯ ಕೆಳಗಿದ್ದವರಿಗೆ ಅದೂ ಇಲ್ಲ. ಆದರೆ ಉತ್ತರಕ್ಕೆ 30 ದಿನ ಕಾಯಬೇಕು. ಕೊಡದಿದ್ದರೆ ಮೇಲ್ಮನವಿ, ಮತ್ತೆ ಮೇಲ್ಮನವಿ. ಅಷ್ಟು ದಿನ ಕೂಲಿ ಬಿಟ್ಟು ತಿರುಗುವವರು ಯಾರು?

ಯಾರೂ ತಿರುಗದಿದ್ದರೆ ಏನಾಗುತ್ತದೆ? 2024ರ ಮೇ ತಿಂಗಳು ನೆನೆಯಿರಿ. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರ ನೋಡುತ್ತಿದ್ದ ನೌಕರರೊಬ್ಬರು ಶಿವಮೊಗ್ಗದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರು ಬಿಟ್ಟುಹೋದ ಪತ್ರದಲ್ಲಿ 187 ಕೋಟಿ ರೂಪಾಯಿ ಅಕ್ರಮವಾಗಿ ಬೇರೆ ಖಾತೆಗೆ ಹೋದ ಮಾತಿತ್ತು. ಸುರಪುರ, ಶಹಾಪುರ ಸೀಮೆಯ ಬೇಡರ ಹೊಲಕ್ಕೂ ಕೊಳವೆಬಾವಿ ತೋಡಿಸಬೇಕಾದ ನಿಗಮ ಅದು. ಆಮೇಲೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಮಂತ್ರಿಯ ರಾಜೀನಾಮೆಯೂ ಆಯಿತು. ನಾನು ಕೇಳುವುದಿಷ್ಟೆ: ಲೆಕ್ಕ ಹೊರಬರಲು ಒಂದು ಜೀವ ಹೋಗಬೇಕಿತ್ತೇ?

"ಕಳಕೊಂಡಾವ್ರೇ ಕಳ್ಳನ್ನ ಹಿಡಿಯಾಕ ದುಡ್ಡು ಕೊಡಬೇಕೇನು?" ಎಂದು ಕೇರಿಯ ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ದೊಡ್ಡವರ ಕೈಯನ್ನೇ ನೆಚ್ಚಿದರೆ? 1920ರಲ್ಲಿ ಬಾಬಾಸಾಹೇಬರ ‘ಮೂಕನಾಯಕ’ಕ್ಕೆ ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. 1922ರಲ್ಲಿ ಅವರು ತೀರಿಕೊಂಡರು. ಪತ್ರಿಕೆಯೂ ಬಹುಕಾಲ ಬಾಳಲಿಲ್ಲ. ಒಳ್ಳೆಯ ಕೈ, ಆದರೆ ಒಂದೇ ಕೈ. 1980ರಲ್ಲಿ ಲಂಕೇಶರು ಜಾಹೀರಾತೇ ಬೇಡವೆಂದು ಪತ್ರಿಕೆ ಶುರು ಮಾಡಿದರು. ಕೊಂಡು ಓದಿದವರ ಚಿಲ್ಲರೆಯಲ್ಲೇ ಅದು ನಿಂತಿತು. ಗುಂಡೂರಾಯರ ಸರ್ಕಾರವನ್ನೇ ಎದುರು ಹಾಕಿಕೊಂಡಿತು.

ಚಿಲ್ಲರೆ ಕೊಡುವ ನಮಗೂ ಒಂದು ರೋಗವಿದೆ. ಗೌಡನ ಕಳ್ಳತನ ಓದಲು ದುಡ್ಡು ಕೊಡುತ್ತೇವೆ. ನಮ್ಮ ಕೇರಿಯಿಂದಲೇ ಎದ್ದ ನಾಯಕ ತಿಂದದ್ದನ್ನು ಬರೆದರೆ, "ನಮ್ಮಾಂವ ಅದಾನ, ಬಿಡ್ರಿ" ಎಂದು ಚಂದಾ ನಿಲ್ಲಿಸುತ್ತೇವೆ. ಅವತ್ತು ನಾವೂ ಜಾಹೀರಾತು ಕೊಡುವ ಸಾಹುಕಾರರೇ. ಕೂಲಿ ಕೊಟ್ಟವನಿಗೆ ನಿಜ ಕೇಳುವ ಹಕ್ಕಿದೆ. ತನಗೆ ಒಗ್ಗುವ ನಿಜವನ್ನಷ್ಟೇ ಬರೆಸುವ ಹಕ್ಕಿಲ್ಲ.

ಸಂಬಳ ಬರುವ ಮಾಸ್ತರರೇ, ಕೆಲಸಕ್ಕೆ ಸೇರಿದ ಗೆಳೆಯರೇ, ಜಯಂತಿಗೆ ಪಟ್ಟಿ ಎತ್ತುತ್ತೇವೆ, ಜಾತ್ರೆಗೆ ಎತ್ತುತ್ತೇವೆ. ನಮ್ಮ ಪರವಾಗಿ ಲೆಕ್ಕ ಕೇಳುವವನಿಗೂ ಒಂದು ಪಟ್ಟಿ ಎತ್ತೋಣ. ಆ ಪಟ್ಟಿಯ ಲೆಕ್ಕವನ್ನೂ ಕೇರಿಯ ಗೋಡೆಗೆ ಹಚ್ಚೋಣ. ಆಮೇಲೆ ನಾನು ಅದೇ ಚಾದಂಗಡಿಗೆ ಹೋಗಿ ಆ ವರದಿಗಾರನ ಮುಂದೆ ಅದೇ ಕಾಗದ ಇಡುತ್ತೇನೆ. ಆಗಲೂ ಬರೆಯದಿದ್ದರೆ ಅವನನ್ನು ಹೇಡಿ ಅನ್ನುವೆ. ಅಲ್ಲಿಯತನಕ ಆ ಮಾತಾಡುವ ಹಕ್ಕು ನನಗಿಲ್ಲ.