ಕುದುರೆಯ ಬೆನ್ನು, ಶ್ರಾವಕನ ಹೊಣೆ

ಪ್ರಾಣಿಗಳ ರೋಗಕ್ಕೆ ಮದ್ದು ಹೇಳುವ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದವರಲ್ಲಿ ಜೈನರು ಪ್ರಮುಖರು. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮನು ‘ಗೋವೈದ್ಯ’ವನ್ನೂ ಸುಮಾರು 1400ರಲ್ಲಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನೂ ಬರೆದರು. ಅಲ್ಲಿ ಮನುಷ್ಯನು ವೈದ್ಯ, ಕುದುರೆಯು ರೋಗಿ. ಇಂದು ಆ ಸಂಬಂಧ ತಿರುಗಿದೆ. ಕುದುರೆಯ ನೆರವಿನಿಂದ ಮನುಷ್ಯನಿಗೆ ಚಿಕಿತ್ಸೆ ನೀಡುವ ಪದ್ಧತಿಯು ಹೊರದೇಶಗಳಲ್ಲಿ ಬೆಳೆದು, ವಿಶ್ವವಿದ್ಯಾನಿಲಯಗಳ ಸಮಾಜಸೇವಾ ಕಾರ್ಯಕ್ರಮಗಳಲ್ಲಿಯೂ ಸ್ಥಾನ ಪಡೆದಿದೆ. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಅಶ್ವಕೇಂದ್ರಕ್ಕೆ, ಸ್ವತಃ ಆಟಿಸಂ ಉಳ್ಳ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರ ಹೆಸರನ್ನೇ ಇಡಲಾಗಿದೆ.

ಹರಿಹರದ ಶ್ರಾವಕ ಕುಟುಂಬವೊಂದರಲ್ಲಿ ಮಗುವನ್ನು ಇಂಥ ಚಿಕಿತ್ಸೆಗೆ ಬೆಂಗಳೂರಿಗೆ ಕರೆದೊಯ್ಯುವ ಮಾತು ಬಂದಾಗ ಮನೆಯ ಹಿರಿಯರು, “ನಮ್ಮ ಮಗುವಿನ ಸುಖಕ್ಕೆ ಇನ್ನೊಂದು ಜೀವದ ಬೆನ್ನೇಕೆ?” ಎಂದು ಕೇಳಿದರಂತೆ. ಈ ಪ್ರಶ್ನೆ ಆ ಮನೆಯೊಂದರದೇ ಅಲ್ಲ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜು, 2009ರಿಂದ ವಿಶ್ವವಿದ್ಯಾನಿಲಯ ಇವೆ. ನೆರೆಯ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ನಾಳೆ ಇಂಥ ಕಾರ್ಯಕ್ರಮವು ನಮ್ಮಲ್ಲಿ ಆರಂಭವಾದರೆ ಆಶ್ಚರ್ಯವಿಲ್ಲ. ಆಗ ದೇಣಿಗೆಯ ಕೋರಿಕೆ ನಮ್ಮ ಮಂದಿರಗಳ ಟ್ರಸ್ಟುಗಳಿಗೂ ಬರುವುದು. ಆದುದರಿಂದ ಮೊದಲೇ ವಿಚಾರಿಸುವುದು ಲೇಸು.

ಚಿಕಿತ್ಸೆಯ ಸ್ವರೂಪ ಹೀಗಿದೆ. ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಲಯಬದ್ಧವಾಗಿ ಚಲಿಸುತ್ತದೆ. ಮೇಲೆ ಕುಳಿತವರ ಸೊಂಟವು ತಾವೇ ನಡೆಯುತ್ತಿರುವಂತೆ ಅಲುಗುತ್ತದೆ. ಸೆರೆಬ್ರಲ್ ಪಾಲ್ಸಿಯಿಂದ ನಡೆಯಲಾರದ ಮಗುವಿನ ದೇಹ ಇದರಿಂದ ಸಮತೋಲವನ್ನು ಅಭ್ಯಾಸ ಮಾಡುತ್ತದೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1944ರಲ್ಲಿ ಪೋಲಿಯೋದಿಂದ ಮೊಣಕಾಲಿನ ಕೆಳಗಿನ ಶಕ್ತಿ ಕಳೆದುಕೊಂಡರೂ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅಶ್ವಾರೋಹಣದಲ್ಲಿ ಬೆಳ್ಳಿಯ ಪದಕ ಪಡೆದ ಮೇಲೆ ಈ ಪದ್ಧತಿಯತ್ತ ಜಗತ್ತಿನ ಗಮನ ಹರಿಯಿತು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸವಾರಿ ಮಾಡಿದ 6ರಿಂದ 16 ವರ್ಷದ ಆಟಿಸಂ ಮಕ್ಕಳಲ್ಲಿ, ಕುದುರೆಯ ಸಂಪರ್ಕವಿಲ್ಲದೆ ಲಾಯದ ಕೆಲಸವನ್ನಷ್ಟೇ ಕಲಿತ ಮಕ್ಕಳಿಗಿಂತ ಸಿಡುಕು ಮತ್ತು ಅತಿಚಟುವಟಿಕೆ ಹೆಚ್ಚು ತಗ್ಗಿದ್ದು ಕಂಡುಬಂದಿತು. ಇದು ರೋಗವನ್ನು ಅಳಿಸುವ ಮದ್ದಲ್ಲ; ಆದರೂ ಉಪಕಾರ ಸುಳ್ಳಲ್ಲ.

ಇನ್ನು ಧರ್ಮದ ವಿಚಾರ. ಮುನಿಗಳು ಯಾವ ವಾಹನವನ್ನೂ ಏರುವುದಿಲ್ಲ. ಶ್ರಾವಕನಾದರೋ ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ, ಗೃಹಕೃತ್ಯ ಮತ್ತು ಉದ್ಯೋಗಗಳಲ್ಲಿ ಅನಿವಾರ್ಯವಾದುದನ್ನು ಎಚ್ಚರದಿಂದ ಮಿತಗೊಳಿಸುವವನು. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿದ್ದಾರೆ. ಆದರೆ ‘ಪರಸ್ಪರ’ ಎಂಬುದಕ್ಕೆ ಎರಡು ಬದಿಗಳುಂಟು. ಕುದುರೆಯು ಮನಸ್ಸುಳ್ಳ ಸಂಜ್ಞೀ ಪಂಚೇಂದ್ರಿಯ ಜೀವ; ಅಂಥ ತಿರ್ಯಂಚ ಜೀವಕ್ಕೆ ಸಮ್ಯಗ್ದರ್ಶನವೂ ಅಣುವ್ರತವೂ ಸಾಧ್ಯವೆನ್ನುವುದು ನಮ್ಮ ಸಿದ್ಧಾಂತ. ಅದನ್ನು ಚಿಕಿತ್ಸೆಯ ಉಪಕರಣವೆಂದು ಕರೆಯಲು ನಮಗೆ ಅಧಿಕಾರವಿಲ್ಲ.

ಅಹಿಂಸಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳು ಲಾಯದ ಬಾಗಿಲಲ್ಲಿ ಬರೆದಿಡಲು ತಕ್ಕವು. ದಿನವಿಡೀ ಕಟ್ಟಿಹಾಕುವುದು ಬಂಧ. ಚಾಟಿಯ ಪೆಟ್ಟು ವಧ. ಬಾಯಿ ಹರಿಯುವ ಕಡಿವಾಣ, ಬೆನ್ನು ಹುಣ್ಣಾಗಿಸುವ ಜೀನು ಛೇದ. ಅತಿಭಾರಾರೋಪಣಕ್ಕೆ ಸರಕಾರವೇ ಮಿತಿ ಹಾಕಿದೆ: 1965ರ ಕೇಂದ್ರ ನಿಯಮಗಳ ಪ್ರಕಾರ ತಟ್ಟುಕುದುರೆಯ ಮೇಲೆ 70 ಕಿಲೋಗಿಂತ ಹೆಚ್ಚು ಹೊರೆ ಹೇರಬಾರದು, ಹೊರೆಪ್ರಾಣಿಯನ್ನು ದಿನಕ್ಕೆ 9 ಗಂಟೆ ಮೀರಿ, ಅಥವಾ ಉಷ್ಣತೆ 37 ಡಿಗ್ರಿ ದಾಟುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು. ದಾವಣಗೆರೆಯ ಬೇಸಗೆಯನ್ನು ಬಲ್ಲವರಿಗೆ ಈ ಕೊನೆಯ ಮಾತನ್ನು ವಿವರಿಸಬೇಕಿಲ್ಲ. ಐದನೆಯದು ಅನ್ನಪಾನನಿರೋಧ. ವಿದ್ಯಾರ್ಥಿಗಳು ನಡೆಸುವ ಸೇವೆಗೆ ಪರೀಕ್ಷೆಯೂ ರಜೆಯೂ ಬರುತ್ತವೆ. ಕುದುರೆಯ ಹಸಿವಿಗೆ ರಜೆಯಿಲ್ಲ. ಮೇ ತಿಂಗಳಿನಲ್ಲಿ ಹುಲ್ಲು, ಹುರುಳಿ, ನೀರು ಯಾರ ಹೊಣೆಯೆಂದು ಮೊದಲೇ ಬರೆದಿರಬೇಕು.

ಕಾಯಿದೆಯ ಅಳತೆಗೆ ಸಿಗದ ಶ್ರಮವೂ ಒಂದುಂಟು. ಬೆದರಿದಾಗ ಓಡುವುದು ಕುದುರೆಯ ಜಾತಿಸ್ವಭಾವ. ಕಿರುಚುವ ಮಗುವಿನ ಬಳಿ ಓಡದೆ ನಿಲ್ಲುವುದೇ ಇಲ್ಲಿ ಅದರ ದುಡಿಮೆ. ಅದು ಕಿವಿಯನ್ನು ಹಿಂದಕ್ಕೆ ಮಡಚಿ, ಬಾಲ ಬೀಸಿ ಬೇಡವೆಂದಾಗ ಆ ದಿನದ ಕೆಲಸವನ್ನು ನಿಲ್ಲಿಸುವ ಅಧಿಕಾರ ಲಾಯದವನಿಗಿರಬೇಕು.

ಶ್ರಾವಕನಿಗೆ ನಿಷೇಧಿಸಿದ ಹದಿನೈದು ಕರ್ಮಾದಾನಗಳಲ್ಲಿ ಎರಡು ಇಲ್ಲಿ ವಿಚಾರಣೀಯ. ಪ್ರಾಣಿಗಳನ್ನು ಬಾಡಿಗೆಗೆ ದುಡಿಸಿ ಜೀವಿಸುವುದು ಭಾಟಕಕರ್ಮ. ಬೀಜ ಒಡೆಯುವುದೇ ಮೊದಲಾದ ಅಂಗಚ್ಛೇದದ ವೃತ್ತಿ ನಿರ್ಲಾಂಛನಕರ್ಮ. ಚಿಕಿತ್ಸೆಗೆ ಬಳಸುವ ಗಂಡು ಕುದುರೆಗಳು ಸಾಮಾನ್ಯವಾಗಿ ಬೀಜ ಒಡೆದವೇ. ಆದುದರಿಂದ ನಮ್ಮ ಹಣವಿರುವಲ್ಲಿ ಹೆಣ್ಣು ಕುದುರೆಗಳನ್ನೋ, ಬೇರೆಡೆ ದುಡಿದು ಕೈಬಿಡಲ್ಪಟ್ಟ ಸಾಧು ಕುದುರೆಗಳನ್ನೋ ತರಬೇಕೇ ಹೊರತು ಹೊಸದಾಗಿ ಆ ಕರ್ಮ ಮಾಡಿಸಬಾರದು. ಸೇವೆಯು ಲಾಭದ ಬಾಡಿಗೆಯೂ ಆಗಬಾರದು.

ಹಾಗಾದರೆ ದೂರವಿರುವುದೇ ಶ್ರೇಯಸ್ಸೆಂದು ಕೆಲವರು ಹೇಳಬಹುದು. ಆದರೆ ಹಾವು ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಸಿದ್ಧವಾಗುವುದು ಕುದುರೆಯ ರಕ್ತದಿಂದ. ಆ ಮದ್ದು ಪಡೆದ ಮನೆಗಳು ನಮ್ಮ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಇವೆ. ಮುಟ್ಟದಿದ್ದ ಮಾತ್ರಕ್ಕೆ ನಾವು ಋಣಮುಕ್ತರಲ್ಲ. ಹರಿಹರದ ಆ ಹಿರಿಯರ ಪ್ರಶ್ನೆ ಯೋಗ್ಯವಾದುದೇ. ಉತ್ತರ ಮಾತ್ರ ‘ಕೂಡದು’ ಎಂದಲ್ಲ. ಕುದುರೆಯ ಹೊಣೆಯನ್ನು ಮೊದಲು ಹೊತ್ತು ಬಳಿಕ ಮಗುವನ್ನು ಕೂರಿಸಬೇಕು ಎಂದು.

ಆ ಹೊಣೆ ಎಲ್ಲಿಯವರೆಗೆ? ವಾಣಿಜ್ಯಶಾಸ್ತ್ರ ಓದಿದ ನನಗೆ 1961ರ ಆದಾಯ ತೆರಿಗೆ ಕಾಯಿದೆಯ 36ನೆಯ ಕಲಮು ನೆನಪಾಗುತ್ತದೆ. ವ್ಯವಹಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಕೊಂಡ ಬೆಲೆಯಲ್ಲಿ ಪ್ರಾಣಿಯಿಂದಲೋ ಅದರ ಕಳೇಬರದಿಂದಲೋ ಬಂದ ಹಣವನ್ನು ಕಳೆದು, ಉಳಿದುದನ್ನು ವೆಚ್ಚವೆಂದು ತೋರಿಸಲು ಅದರಲ್ಲಿ ಅವಕಾಶವಿತ್ತು. ಲೆಕ್ಕಕ್ಕೆ ಅದು ಸರಿ. ಶ್ರಾವಕನ ಖಾತೆಯಲ್ಲಿ ‘ನಿರುಪಯುಕ್ತ ಜೀವ’ ಎಂಬ ಬಾಬೇ ಇಲ್ಲ. ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಮಕ್ಕಳನ್ನು ಹೊರುವ ಶಕ್ತಿ ಅದಕ್ಕೆ ಮುಂಚೆಯೇ ಕುಂದುತ್ತದೆ. ನಮ್ಮ ಪುಸ್ತಕದಲ್ಲಿ ಅದು ಆಸ್ತಿಯ ಬದಿಯಲ್ಲಲ್ಲ, ಹೊಣೆಯ ಬದಿಯಲ್ಲಿರಬೇಕು.

ಆದುದರಿಂದ ಟ್ರಸ್ಟಿಗಳಲ್ಲಿ ನನ್ನ ವಿನಂತಿ ಇಷ್ಟೆ. ದೇಣಿಗೆ ಕೊಡುವ ಮುನ್ನ ಪ್ರತಿ ಕುದುರೆಯ ಹೆಸರಿನಲ್ಲಿ ಅದರ ವೃದ್ಧಾಪ್ಯಕ್ಕೆ ಶಾಶ್ವತ ನಿಧಿಯಿದೆಯೇ ಎಂದು ಕೇಳಿರಿ; ಇಲ್ಲದಿದ್ದರೆ ಮೊದಲ ದಾನ ಆ ನಿಧಿಗೇ ಸಲ್ಲಲಿ. ಪಶುವೈದ್ಯರ ತಪಾಸಣೆಯ ದಾಖಲೆಯನ್ನು ವರ್ಷಕ್ಕೆರಡು ಬಾರಿ ತರಿಸಿ ಓದಿರಿ. ಪಾಂಜರಾಪೋಳಗಳನ್ನು ಕಟ್ಟಿದ ಸಮಾಜಕ್ಕೆ ಇದು ಹೊಸ ಪಾಠವಲ್ಲ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಲಾಂಛನ ಕುದುರೆ. ಆ ಲಾಂಛನಕ್ಕೆ ಕೈಮುಗಿಯುವವರು ಲಾಯದಲ್ಲಿನ ಮುದಿ ಕುದುರೆಯ ಮುಂದೆ ಹುಲ್ಲಿದೆಯೇ ಎಂದು ನೋಡಿಬರುವುದೂ ವಂದನೆಯೇ.